ಶಾಶ್ವತ ಅಂದರೆ ಯಾರಿಗೆ?

ನಮ್ಮ ಕೇರಿಯ ಹಿರಿಯರು ಹೊಲವನ್ನು ಗುರುತಿಸೋದು ಅಲ್ಲಿ ತಾವು ಮಾಡಿದ ಕೆಲಸದಿಂದ. ಇದು ನಾವು ಬದು ಹಾಕಿದ ಹೊಲ, ಇದು ಕಳೆ ಕಿತ್ತ ಹೊಲ, ಇದರ ಬಾವಿ ತೋಡಿದ್ದು ನಮ್ಮಪ್ಪ ಅಂತಾರೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ತೆಗೆಸಿ ನೋಡಿದರೆ ಈ ಮಾತುಗಳಲ್ಲಿ ಒಂದೂ ಇರೋದಿಲ್ಲ. ಅಲ್ಲಿರುವುದು ಒಡೆಯನ ಹೆಸರು, ವಿಸ್ತೀರ್ಣ, ಕಂದಾಯ, ಸಾಲ. ಹೊಲದ ಮೇಲಿನ ಹಕ್ಕು ಅಂದರೆ ಕಾಗದದಲ್ಲಿ ಹೆಸರಿದ್ದವನ ಹಕ್ಕು ಅಂತ ನಾವು ಹುಟ್ಟಿದಾಗಿನಿಂದ ಕಲಿತಿದ್ದೇವೆ.

ಅಂಥ ನಮಗೆ, ಹೊಲವನ್ನು ರೈತನ ಕೈಯಲ್ಲೇ ಬಿಟ್ಟು ಅದರ ಮೇಲಿನ ಒಂದೇ ಒಂದು ಹಕ್ಕನ್ನು ಊರಿನ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಅನ್ನೋ ಸಂಗತಿ ಬೆರಗಿನದು. ಅಮೆರಿಕಾದ ನ್ಯೂಯಾರ್ಕ್ ರಾಜ್ಯದಲ್ಲಿ ಅರ್ಧ ಶತಮಾನದಿಂದ ಇದು ನಡೀತಾ ಇದೆ. ಇದರಿಂದ ನಾವು ಕಲಿಯಬೇಕಾದ್ದೂ ಇದೆ, ಇದರ ಜೊತೆ ಜಗಳ ಆಡಬೇಕಾದ್ದೂ ಇದೆ.

ನ್ಯೂಯಾರ್ಕ್ ನಗರದಿಂದ ಪೂರ್ವಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ದ್ವೀಪ ಲಾಂಗ್ ಐಲ್ಯಾಂಡ್. ಅದರ ಪೂರ್ವದ ಭಾಗ ಸಫೋಕ್ ಕೌಂಟಿ; ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಆಲೂಗಡ್ಡೆ ಬೆಳೆಯುತ್ತಿದ್ದ ಒಳ್ಳೆಯ ಮಣ್ಣು. ಎರಡನೇ ಮಹಾಯುದ್ಧ ಮುಗಿದ ಮೇಲೆ ನಗರ ಈ ಕಡೆಗೆ ಹರಿದು ಬಂತು. 1947ರಲ್ಲಿ ಪಕ್ಕದ ಕೌಂಟಿಯ ಆಲೂಗಡ್ಡೆ ಹೊಲಗಳ ಮೇಲೆ ಲೆವಿಟ್‌ಟೌನ್ ಅನ್ನೋ ಸಾವಿರಾರು ಮನೆಗಳ ಬಡಾವಣೆ ಏಳತೊಡಗಿತು. ಅದರ ಮೊದಮೊದಲ ಕರಾರು ಪತ್ರಗಳಲ್ಲಿ ಬಿಳಿಯರಲ್ಲದವರು ಆ ಮನೆಗಳಲ್ಲಿ ವಾಸಿಸಕೂಡದು ಅಂತ ಬರೆದಿತ್ತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಭೂಮಿಯ ಕಾಗದದಲ್ಲಿ ಏನು ಬೇಕಾದರೂ ಬರೆಯೋದು ಆ ನಾಡಿಗೆ ಮೊದಲಿಂದ ಗೊತ್ತಿತ್ತು.

ಸಫೋಕಿನ ಹೊಲಗಳೂ ಹೀಗೇ ಹೋಗ್ತವೆ ಅಂತ ಹೆದರಿದ ಕೌಂಟಿಯ ಮುಖ್ಯಸ್ಥ ಜಾನ್ ಕ್ಲೈನ್ ಅವರ ಕಾಲದಲ್ಲಿ, 1974ರಲ್ಲಿ, ಒಂದು ಕಾನೂನು ಬಂತು. 1976ರಲ್ಲಿ ಇದಕ್ಕೆ 2 ಕೋಟಿ 10 ಲಕ್ಷ ಡಾಲರ್ ಸಾಲ ಎತ್ತಲು ಒಪ್ಪಿಗೆಯಾಯಿತು. 1977ರಲ್ಲಿ ಮೊದಲ ಹೊಲಗಳ ಹಕ್ಕು ಕೊಂಡರು. ಆ ದೇಶದಲ್ಲಿ ಇಂಥ ಯೋಜನೆ ಇದೇ ಮೊದಲು.

ಏನು ಕೊಂಡರು? ನಮ್ಮ ಹಳ್ಳಿಗಳಲ್ಲಿ ಬಂಡಿದಾರಿ ಅಂತ ಇರುತ್ತಲ್ಲ, ಹಾಗೆ. ಹೊಲ ಗೌಡರದು, ಆದರೆ ಹಿಂದಿನ ಹೊಲದವನು ಬಂಡಿ ಹೊಡೆದುಕೊಂಡು ಹೋಗೋ ಹಕ್ಕು ಅದರೊಳಗೆ ಇದೆ. ಗೌಡರು ಹೊಲ ಮಾರಿದರೂ ಬಂಡಿದಾರಿ ಮಾರಾಟವಾಗೋದಿಲ್ಲ. ಒಂದು ಹೊಲದೊಳಗೆ ಹಲವು ಹಕ್ಕುಗಳಿವೆ, ಒಂದೊಂದನ್ನೂ ಬೇರೆ ಮಾಡಬಹುದು. ಅವರು ಮನೆ, ಅಂಗಡಿ ಕಟ್ಟುವ ಹಕ್ಕನ್ನು ಬೇರೆ ಮಾಡಿ ಅದಕ್ಕೆ ಅಭಿವೃದ್ಧಿ ಹಕ್ಕು ಅಂತ ಹೆಸರಿಟ್ಟರು. ಈ ಹಕ್ಕನ್ನು ಸಾರ್ವಜನಿಕರಿಗೆ ಮಾರಿದ ರೈತ ಹೊಲ ಉಳಬಹುದು, ಮಕ್ಕಳಿಗೆ ಕೊಡಬಹುದು, ಇನ್ನೊಬ್ಬರಿಗೆ ಮಾರಲೂಬಹುದು. ಆದರೆ ಅಲ್ಲಿ ಬಡಾವಣೆ ಏಳುವ ಹಾಗಿಲ್ಲ. ಇಂಥ ಕಟ್ಟುಪಾಡಿಗೆ ಅವರು ಈಸ್‌ಮೆಂಟ್ ಅಂತಾರೆ. ಕೊಂಡವನನ್ನೂ ಅದು ಕಟ್ಟುತ್ತೆ, ಅವನ ನಂತರ ಕೊಂಡವನನ್ನೂ ಕಟ್ಟುತ್ತೆ. ಪತ್ರದಲ್ಲಿ ಬರೆಯುವ ಮಾತು ‘ಶಾಶ್ವತ’.

ಬೆಲೆ ಕಟ್ಟೋದು ಹೇಗೆ? ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ. ಸೈಟು ಮಾಡುವವನು ಒಂದು ತುಂಡು ಹೊಲಕ್ಕೆ 100 ರೂಪಾಯಿ ಕೊಡ್ತಾನೆ. ಉಳೋದಕ್ಕೆ ಮಾತ್ರ ಅಂದರೆ ಅದಕ್ಕೆ 30 ರೂಪಾಯಿ. ನಡುವಿನ 70 ಇದೆಯಲ್ಲ, ಅದು ಅಭಿವೃದ್ಧಿ ಹಕ್ಕಿನ ಬೆಲೆ.

ಆಮೇಲೆ ಈ ಕೆಲಸಕ್ಕೆ ಊರುಗಳೂ ಇಳಿದವು. 1998ರಲ್ಲಿ ದ್ವೀಪದ ಪೂರ್ವ ತುದಿಯ ಐದು ಊರುಗಳು, ಅಂದರೆ ಸೌತಾಂಪ್ಟನ್, ಈಸ್ಟ್ ಹ್ಯಾಂಪ್ಟನ್, ಸೌತೋಲ್ಡ್, ರಿವರ್‌ಹೆಡ್, ಶೆಲ್ಟರ್ ಐಲ್ಯಾಂಡ್, ಮತ ಹಾಕಿ ಒಂದು ತೆರಿಗೆ ಒಪ್ಪಿಕೊಂಡವು. ಮನೆ, ಜಮೀನು ಕೊಳ್ಳುವವರಿಂದ ನೂರಕ್ಕೆ 2ರಷ್ಟು ತೆಗೆದುಕೊಂಡು ಭೂಮಿ ಉಳಿಸುವ ನಿಧಿಗೆ ಹಾಕೋದು. ಆ ನಿಧಿಗೆ ಇದುವರೆಗೆ 100 ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿದೆ. ಸಮಿತಿಗಳು ಕೂತು ಯಾವ ಹೊಲದ ಮಣ್ಣು ಒಳ್ಳೆಯದು, ಪಕ್ಕದಲ್ಲಿ ಉಳಿದ ಹೊಲ ಇದೆಯಾ, ಒಡೆಯ ಮಾರಲು ಒಪ್ಪಿದ್ದಾನಾ ಅಂತ ನೋಡಿ ಶಿಫಾರಸು ಮಾಡ್ತವೆ. ಬಹಿರಂಗ ವಿಚಾರಣೆ ಆಗುತ್ತೆ. ಆಮೇಲೆ ಚುನಾಯಿತ ಮಂಡಳಿ ತೀರ್ಮಾನಿಸುತ್ತೆ. ಕೊಂಡ ಮೇಲೂ ಕೆಲಸ ಮುಗಿಯೋದಿಲ್ಲ. ಆ ಹೊಲದಲ್ಲಿ ಗಾಜಿನ ಮನೆ ಕಟ್ಟಿ ಸಸಿ ಬೆಳೆಸಿದರೆ ಅದು ಬೇಸಾಯವೋ ಕಟ್ಟಡವೋ? ಸಫೋಕಿನಲ್ಲಿ ಈ ಜಗಳ ಕೋರ್ಟಿಗೆ ಹೋಯಿತು. ಜನರ ಹಣದಿಂದ ಕೊಂಡ ಹಕ್ಕನ್ನು ಕೌಂಟಿ ವಾಪಸ್ ಬಿಟ್ಟುಕೊಡ್ತಾ ಇದೆ ಅಂತ ಪರಿಸರದ ಸಂಘಟನೆಯೊಂದು ದಾವೆ ಹೂಡಿ 2016ರಲ್ಲಿ ಗೆದ್ದಿತು. 2018ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಿರುಗಿಸಿತು.

ಇದನ್ನೆಲ್ಲ ನಾವು ಹಗುರವಾಗಿ ಕಾಣೋದಿಲ್ಲ. ಆ ರೈತನ ಕಷ್ಟವೂ ನಿಜ. ಅಪ್ಪ ಸತ್ತರೆ ಹೊಲಕ್ಕೆ ಸೈಟಿನ ಬೆಲೆ ಹಾಕಿ ತೆರಿಗೆ ಕೇಳಿದರೆ, ಆ ತೆರಿಗೆ ಕಟ್ಟಲಿಕ್ಕೇ ಹೊಲ ಮಾರಬೇಕು. ಅವನ ಒಪ್ಪಿಗೆ ಇಲ್ಲದೆ ಯಾರೂ ಈ ಹಕ್ಕನ್ನು ಕೊಳ್ಳೋದಿಲ್ಲ. ನೋಟೀಸು ಅಂಟಿಸಿ ಹೋಗುವ ನಾಡಿನಲ್ಲಿರುವ ನಮಗೆ ಇದರ ಬೆಲೆ ಗೊತ್ತು. ದೇವನಹಳ್ಳಿ ತಾಲ್ಲೂಕಿನ 13 ಹಳ್ಳಿಗಳ ಜನ 1,777 ಎಕರೆ ಉಳಿಸಿಕೊಳ್ಳಲು 2022ರ ಏಪ್ರಿಲ್‌ನಿಂದ ಧರಣಿ ಕೂತು, ಸರ್ಕಾರ ಭೂಸ್ವಾಧೀನ ಕೈಬಿಟ್ಟೆ ಅನ್ನೋದನ್ನು ಕೇಳಲು 2025ರ ಜುಲೈ 15ರವರೆಗೆ ಕಾಯಬೇಕಾಯಿತು.

ಆದರೂ ನಮ್ಮ ಪ್ರಶ್ನೆ ಇದೆ. ಆ 70 ರೂಪಾಯಿ ಬೆಳೆದವರು ಯಾರು? ಅದು ನೇಗಿಲಿನಿಂದ ಹುಟ್ಟಿದ್ದಲ್ಲ. ನಗರ ಬೆಳೆಯಿತು, ರಸ್ತೆ ಬಂತು, ರೈಲು ಬಂತು, ಅದರಿಂದ ಹುಟ್ಟಿತು. ಎಲ್ಲರೂ ಸೇರಿ ಹುಟ್ಟಿಸಿದ ಬೆಲೆಯನ್ನು ಎಲ್ಲರೂ ಮತ್ತೆ ತೆರಿಗೆ ಕೊಟ್ಟು ಒಡೆಯನಿಂದ ಕೊಳ್ತಾರೆ. ಹೊಲವನ್ನು ಕೆಡಿಸುವ ಶಕ್ತಿ ಇದ್ದವನಿಗೆ, ಕೆಡಿಸೋದಿಲ್ಲ ಅಂತ ಮಾತು ಕೊಟ್ಟದ್ದಕ್ಕೆ ಹಣ. ಹೊಲವನ್ನು ಕಾಪಾಡಿಯೂ ಕೆಡಿಸುವ ಅಧಿಕಾರವೇ ಇಲ್ಲದವರಿಗೆ ಏನು?

ಅಂಥವರು ಅಲ್ಲಿ ಇಬ್ಬರಿದ್ದಾರೆ.

ಒಬ್ಬರು ಶಿನ್ನಕಾಕ್ ಜನ, ಸೌತಾಂಪ್ಟನ್ನಿನ ಮೂಲ ನಿವಾಸಿಗಳು. 1703ರಲ್ಲಿ ಊರಿನ ಬಿಳಿಯ ಒಡೆಯರು ಇವರಿಗೆ ಸುಮಾರು 3,600 ಎಕರೆಯನ್ನು ಒಂದು ಸಾವಿರ ವರ್ಷದ ಗುತ್ತಿಗೆಗೆ ಬರೆದುಕೊಟ್ಟರು. ಅವರದೇ ನೆಲವನ್ನು ಅವರಿಗೇ ಗುತ್ತಿಗೆಗೆ! ಇರಲಿ, ಆ ಲೆಕ್ಕದಲ್ಲೂ ಗುತ್ತಿಗೆ 2703ರವರೆಗೆ ಇರಬೇಕಿತ್ತು. 1859ರಲ್ಲಿ, 156 ವರ್ಷಕ್ಕೇ, ರಾಜ್ಯದ ಶಾಸನಸಭೆ ಅದನ್ನು ಮುರಿಯಲು ಒಪ್ಪಿತು. ಅದಕ್ಕೆ ಆಧಾರವಾದ ಅರ್ಜಿಯಲ್ಲಿ ನಮ್ಮವರ ರುಜುಗಳನ್ನು ಸುಳ್ಳು ಸೃಷ್ಟಿಸಿದ್ದರು ಅಂತ ಆ ಜನ ಹೇಳ್ತಾರೆ. ಗುಡ್ಡಗಳು ಹೋದವು; ಸುಮಾರು 800 ಎಕರೆ ಉಳಿಯಿತು. 1891ರಲ್ಲಿ ಅವರ ಹೆಸರನ್ನೇ ಇಟ್ಟುಕೊಂಡ ಗಾಲ್ಫ್ ಕ್ಲಬ್ ಆ ಗುಡ್ಡಗಳ ಮೇಲೆ ಶುರುವಾಯಿತು. 2005ರಲ್ಲಿ ಶಿನ್ನಕಾಕರು ನೆಲ ವಾಪಸ್ ಕೊಡಿ ಅಂತ ದಾವೆ ಹಾಕಿದರು. ಬಹಳ ತಡ ಆಯಿತು ಅಂತ 2006ರಲ್ಲಿ ಕೋರ್ಟು ವಜಾ ಮಾಡಿತು. 2015ರಲ್ಲಿ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಇವರು ಒಂದು ಬುಡಕಟ್ಟು ಅಂತ ಆ ದೇಶದ ಕೇಂದ್ರ ಸರ್ಕಾರ ಒಪ್ಪಿದ್ದೇ 2010ರಲ್ಲಿ.

ಇನ್ನೊಬ್ಬರು ಹೊಲದ ಕೂಲಿಗಳು. ಈ ಆಲೂಗಡ್ಡೆಯನ್ನು ಆರಿಸಿ ಮೂಟೆ ಕಟ್ಟಿದವರಲ್ಲಿ ದಕ್ಷಿಣದ ರಾಜ್ಯಗಳಿಂದ ಬಂದ ಬಡ ಕಪ್ಪು ಜನ ಬಹಳ. ಕಚೋಗ್ ಅನ್ನೋ ಹಳ್ಳಿಯ ಕೂಲಿ ಕ್ಯಾಂಪಿನ ಮೇಲೆ 1968ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಕೂಲಿಗೆ ಅಂತ ಬಂದವನು ಊಟ, ವಸತಿ, ಪ್ರಯಾಣದ ಲೆಕ್ಕದಲ್ಲಿ ಸಾಲಗಾರನಾಗಿ ಉಳಿಯೋದನ್ನು ಅದು ತೋರಿಸಿತು. ಜೀತ ಅಂದರೇನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ಕಾನೂನು, ಕನಿಷ್ಠ ಕೂಲಿ ಕೊಟ್ಟ 1938ರ ಕಾನೂನು, ಎರಡೂ ಹೊಲದ ಕೂಲಿಗಳನ್ನು ಹೊರಗಿಟ್ಟಿದ್ದವು. ನ್ಯೂಯಾರ್ಕ್ ರಾಜ್ಯದಲ್ಲಿ ಅವರಿಗೆ ಸಂಘದ ಹಕ್ಕು, ವಾರಕ್ಕೊಂದು ರಜೆ ಕಾನೂನಿನಲ್ಲಿ ಬರೆಸಿಕೊಳ್ಳಲು 2019ರವರೆಗೆ ಹೋರಾಡಬೇಕಾಯಿತು. ಅಂದರೆ ಹೊಲದ ಹಕ್ಕನ್ನು ಜನ ಮೊದಲು ಕೊಂಡದ್ದು 1977ರಲ್ಲಿ. ಅದೇ ಹೊಲದಲ್ಲಿ ಬೆವರು ಸುರಿಸಿದವನಿಗೆ ವಾರದ ರಜೆ ಸಿಕ್ಕಿದ್ದು ಅದಾಗಿ ನಾಲ್ಕು ದಶಕದ ಮೇಲೆ.

ಶಾಶ್ವತ ಅನ್ನೋ ಮಾತಿನ ಮೇಲೆ ನಮಗೆ ಅನುಮಾನ ಹುಟ್ಟೋದು ಇಲ್ಲೇ. ಸಾವಿರ ವರ್ಷ ಅಂತ ಬರೆದ ಕಾಗದ ಒಬ್ಬರ ಕೈಯಲ್ಲಿ 156 ವರ್ಷಕ್ಕೆ ಹರಿದು ಹೋಗುತ್ತೆ; ಶಾಶ್ವತ ಅಂತ ಬರೆದ ಇನ್ನೊಂದು ಕಾಗದವನ್ನು ಕಾಯಲು ಸಮಿತಿ, ನಿಧಿ, ಕೋರ್ಟು ಎಲ್ಲ ಇವೆ. ಒಂದು ಮಾತು ಎಷ್ಟು ಕಾಲ ಬಾಳುತ್ತೆ ಅನ್ನೋದು ಆ ಮಾತನ್ನು ಯಾರಿಗೆ ಕೊಟ್ಟಿದ್ದು ಅನ್ನೋದರ ಮೇಲೆ ನಿಂತಿದೆ. ಜೊತೆಗೆ, ಶಾಶ್ವತ ಅಂತ ಬರೆದ ದಿನ ಯಾರ ಹೆಸರಿನಲ್ಲಿ ಹೊಲ ಇತ್ತೋ ಆ ಇತಿಹಾಸಕ್ಕೂ ಊರು ಮುದ್ರೆ ಒತ್ತಿದ ಹಾಗಾಗುತ್ತೆ.

ಇದಕ್ಕೆ ಒಂದು ಉತ್ತರ ಬರುತ್ತೆ. ಅಯ್ಯಾ, ಆ ಸಮಿತಿಯ ಕೆಲಸ ಮಣ್ಣು ಉಳಿಸೋದು. ಲೋಕದ ಅನ್ಯಾಯವನ್ನೆಲ್ಲ ಅದರ ತಲೆ ಮೇಲೆ ಯಾಕೆ ಹೇರ್ತೀರಿ? ಮಣ್ಣೇ ಹೋದರೆ ನ್ಯಾಯ ಯಾವುದರ ಮೇಲೆ ಬಿತ್ತುತ್ತೀರಿ?

ಈ ಮಾತಿನಲ್ಲಿ ಸತ್ಯ ಇದೆ. ಕಾಂಕ್ರೀಟು ಬಿದ್ದ ಹೊಲವನ್ನು ಯಾವ ಕ್ರಾಂತಿಯೂ ಮತ್ತೆ ಉಳಲಾರದು. ಆದರೆ ಸಮಿತಿಯ ಕೈಯಲ್ಲಿ ಆಗೋದಿಲ್ಲ ಅನ್ನೋದು ನಿಜವಲ್ಲ. ಮನೆ ಕಟ್ಟುವ ಹಾಗಿಲ್ಲದ ಹೊಲವನ್ನೂ ಶ್ರೀಮಂತರು ತಮ್ಮ ಬಂಗಲೆಯ ಕಿಟಕಿಯ ನೋಟಕ್ಕೆ, ಕುದುರೆ ಮೇಯಿಸೋದಕ್ಕೆ ಕೊಳ್ಳತೊಡಗಿದಾಗ ಉಳುವವನಿಗೆ ಬೆಲೆ ಎಟುಕದೆ ಹೋಯಿತು. ಆಗ ಸೌತಾಂಪ್ಟನ್ ಕರಾರುಗಳನ್ನು ಬಿಗಿ ಮಾಡಿತು: ಉಳಲೇಬೇಕು, ಬೇಸಾಯದ ಬೆಲೆ ಮೀರಿ ಮಾರಕೂಡದು ಅಂತ ಬರೆಸಲು ಹೆಚ್ಚಿನ ಹಣ ಕೊಟ್ಟಿತು. 2021ರಲ್ಲಿ ಇದೇ ನಿಧಿಯ ಹಣ ಬಳಸಿ ಶುಗರ್ ಲೋಫ್ ಗುಡ್ಡದ ಮೇಲಿನ ಐದು ಎಕರೆಗೂ ಕಡಿಮೆಯ ಜಾಗ ಉಳಿಸಿದರು. ಶಿನ್ನಕಾಕರ ಪೂರ್ವಿಕರನ್ನು ಮಣ್ಣು ಮಾಡಿದ ನೆಲ ಅದು. ಅದರ ಮೇಲಿದ್ದ ಮನೆ ತೆಗೆದು ನೆಲವನ್ನು ಆ ಜನರಿಗೇ ಬಿಡುವುದು ಆ ಏರ್ಪಾಡು. 3,600 ಎಕರೆಯ ಮುಂದೆ ಅದು ಒಂದು ಹಿಡಿ ಮಣ್ಣು. ಆದರೂ ಆ ಹಿಡಿ ಮಣ್ಣು ಒಂದನ್ನು ತೋರಿಸುತ್ತೆ: ಬರೆಯಬೇಕು ಅಂತ ಮನಸ್ಸಿದ್ದರೆ ಅದೇ ಕಾಗದದಲ್ಲಿ ಬೇರೆಯದನ್ನೂ ಬರೆಯಬಹುದು.

ಈಗ ನಮ್ಮ ಮನೆಯ ಮಾತು. ಅಭಿವೃದ್ಧಿ ಹಕ್ಕು ಅನ್ನೋ ಪದ ಕರ್ನಾಟಕಕ್ಕೂ ಬಂದಿದೆ. ಬೆಂಗಳೂರಿನಲ್ಲಿ ರಸ್ತೆ ಅಗಲ ಮಾಡಲು ಜಾಗ ಬಿಟ್ಟವರಿಗೆ ಹಣದ ಬದಲು ಅಭಿವೃದ್ಧಿ ಹಕ್ಕಿನ ಪತ್ರ ಕೊಡುವ ಪದ್ಧತಿ ಬಂತು. ಅಂದರೆ ಇಲ್ಲಿ ಬಿಟ್ಟದ್ದನ್ನು ಇನ್ನೊಂದು ಕಡೆ ಮೇಲಕ್ಕೆ ಕಟ್ಟಿಕೊಳ್ಳಿ ಅಂತ. ಹೊಲ ಉಳಿಸಲು ಆ ಪದ ನಮ್ಮಲ್ಲಿ ಬರಲಿಲ್ಲ. ಬೇಸಾಯ ಮಾಡದವರು ಕೃಷಿ ಜಮೀನು ಕೊಳ್ಳದ ಹಾಗೆ ತಡೆದಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೂ 2020ರಲ್ಲಿ ತೆಗೆದು ಹಾಕಿದರು.

ಮಾರಕೂಡದು ಅನ್ನೋ ಕಟ್ಟು ಮಾತ್ರ ನಮಗೆ ಹಳೆಯದು. ದಲಿತರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಕೊಂಡರೆ ಆ ಕ್ರಯ ನಿಲ್ಲೋದಿಲ್ಲ, ಜಮೀನು ಮಂಜೂರಾತಿ ಪಡೆದವನಿಗೆ ವಾಪಸ್ ಬರಬೇಕು ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ಸಾಲಕ್ಕೆ, ಮದುವೆಗೆ, ಹೆಂಡದ ಬಾಕಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ ಹೊಲಗಳಿಗೆ ಅದೊಂದೇ ಬೇಲಿ. ಆದರೆ 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿಗಳು ಸಮಂಜಸ ಕಾಲದೊಳಗೆ ಬರಬೇಕು ಅಂದಿತು. ತಡವಾಯಿತು ಅಂತ ನಮ್ಮವರ ಅರ್ಜಿಗಳು ಬಿದ್ದು ಹೋದವು. ಶಿನ್ನಕಾಕರಿಗೆ ಹೇಳಿದ ಅದೇ ಮಾತು! 2023ರಲ್ಲಿ ಹೋರಾಟದ ಒತ್ತಡಕ್ಕೆ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು. ಓದು ಬಾರದವನು, ಕಚೇರಿಯ ಮೆಟ್ಟಿಲು ಹತ್ತಲು ಹೆದರಿದವನು, ಒಡೆಯನ ಹಟ್ಟಿಯಲ್ಲೇ ಜೀತಕ್ಕಿದ್ದವನು ತಡ ಮಾಡದೆ ಹೇಗೆ ಬರ್ತಾನೆ? ತಡ ಮಾಡಿಸಿದವರೇ ತಡವನ್ನು ತಪ್ಪು ಅನ್ನೋದು ಯಾವ ನ್ಯಾಯ?

1947ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಯ ಮುಂದಿಡಲು ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಅನ್ನೋ ಮನವಿ ಬರೆದರು. ಕೃಷಿ ಭೂಮಿಯ ಮೇಲಿನ ಹಕ್ಕುಗಳನ್ನೆಲ್ಲ ಪರಿಹಾರ ಪತ್ರ ಕೊಟ್ಟು ರಾಜ್ಯವೇ ಕೊಳ್ಳಬೇಕು. ಜಾತಿ, ಮತ ನೋಡದೆ ಹಳ್ಳಿಯ ಕುಟುಂಬಗಳಿಗೆ ಸಾಮೂಹಿಕ ಬೇಸಾಯಕ್ಕೆ ಗೇಣಿಗೆ ಕೊಡಬೇಕು. ಆಗ ಭೂಮಾಲೀಕನೂ ಇರೋದಿಲ್ಲ, ಭೂಮಿ ಇಲ್ಲದ ಕೂಲಿಯೂ ಇರೋದಿಲ್ಲ ಅಂತ ಅದರಲ್ಲಿದೆ. ಸಾರ್ವಜನಿಕರು ಒಡೆಯನಿಂದ ಹಕ್ಕನ್ನು ಹಣ ಕೊಟ್ಟು ಕೊಳ್ಳಬಹುದು ಅನ್ನೋ ಸಫೋಕಿನ ಮಾತು ಇಲ್ಲೂ ಇದೆ. ಅವರು ಒಂದು ಹಕ್ಕನ್ನು ಕೊಂಡು ನಿಂತರು. ಬಾಬಾಸಾಹೇಬರು ಎಲ್ಲವನ್ನೂ ಕೊಂಡು ಎಲ್ಲರಿಗೂ ತೆರೆಯಿರಿ ಅಂದರು. ನಾವು ಅದನ್ನು ಮಾಡಲಿಲ್ಲ.

ನಾಳೆ ನಮ್ಮ ಊರುಗಳ ಸುತ್ತಲೂ ಹೊಲ ಉಳಿಸುವ ಸಮಿತಿಗಳು ಬರಬಹುದು. ಬರಲಿ, ಬರಲೇಬೇಕು. ಬಡಾವಣೆಯ ದಲ್ಲಾಳಿಗಿಂತ ಆ ಸಮಿತಿ ನಮಗೆ ಹತ್ತಿರದ್ದು. ಆದರೆ ಅದರ ಸಭೆಗೆ ನಾವೂ ಹೋಗಿ ಕೂರಬೇಕು. ಜನರ ಹಣ ಯಾರ ಕೈಗೆ ಹೋಗ್ತಾ ಇದೆ, ಈ ಹೊಲ ಹಿಂದೆ ಯಾರದಾಗಿತ್ತು, ಇದರಲ್ಲಿ ದುಡಿಯುವ ಹೆಣ್ಣಾಳಿಗೆ ಕರಾರಿನಲ್ಲಿ ಒಂದು ಸಾಲಾದರೂ ಇದೆಯಾ ಅಂತ ಕೇಳಬೇಕು. ಶಾಶ್ವತ ಅಂತ ಬರೆಯುವ ಮೊದಲು ಬಾವಿ ತೋಡಿದವನ ಹೆಸರನ್ನೂ ಆ ಪತ್ರದಲ್ಲಿ ಬರೆಯಿರಿ ಅನ್ನಬೇಕು. ಬರೆಯುವವರೆಗೂ ಅಲ್ಲಿಂದ ಏಳಬಾರದು.