ಮಾಳಿಗೆಯ ಮೇಲೆ ಮಲಗುವವರು ಯಾರು?



ನಮ್ಮ ಕಾಮಾಕ್ಷಿಪಾಳ್ಯದಲ್ಲಿ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ನಿವೇಶನದಲ್ಲೂ ಮೂರು ಅಂತಸ್ತು ಏಳುತ್ತದೆ. ಕೆಳಗೆ ಮಾಲೀಕರು, ನಡುವೆ ಬಾಡಿಗೆಯವರು, ತುದಿಯಲ್ಲಿ ಶೀಟಿನ ಸೂರಿನಡಿ ಕಾರ್ಖಾನೆ ಕೆಲಸಗಾರರ ಸಂಸಾರ. ಮನೆ ಆಶೀರ್ವದಿಸಲು ಹೋದಾಗ ಆ ಕೋಣೆಗೂ ತೀರ್ಥ ಚಿಮುಕಿಸುತ್ತೇನೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಐದು ನಿಮಿಷ ನಿಲ್ಲುವುದೇ ಕಷ್ಟ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಿಸಿಲು ಏರಿದರೂ ಸಂಜೆ ಗಾಳಿ ತಂಪಾಗುತ್ತದೆ. ಎದುರುಬದುರು ಕಿಟಕಿಯಿದ್ದರೆ ಅದು ತಾನೇ ಒಳಬರುತ್ತದೆ. ಆದರೆ ಅಂಗುಲವನ್ನೂ ಬಿಡದೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದರೆ ಕಿಟಕಿ ಇಡುವುದೆಲ್ಲಿ? ಆಮೇಲೆ ಎ.ಸಿ. ತರುತ್ತೇವೆ. ಅದು ಬಿಸಿಯನ್ನು ಇಲ್ಲವಾಗಿಸುವುದಿಲ್ಲ. ನಮ್ಮ ಕೋಣೆಯಿಂದ ತೆಗೆದು ಪಕ್ಕದವರ ಕಿಟಕಿಗೆ ಸುರಿಯುತ್ತದೆ.

"ನನ್ನ ಜಾಗ, ನನ್ನ ಹಣ" ಎನ್ನುವಿರಾ? ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಲೇಬೇಕೆಂದು ಧರ್ಮೋಪದೇಶಕಾಂಡ (22:8) ವಿಧಿಸುತ್ತದೆ. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದು. ಅಂದರೆ ಮನೆ ನನ್ನದಾದರೂ, ಅದರೊಳಗಿನವರ ಜೀವಕ್ಕೆ ನಾನು ಉತ್ತರ ಹೇಳಬೇಕು. ಬೀಳುವುದರಿಂದ ಕಾಪಾಡಬೇಕಾದವನು ಬೇಯುವುದರಿಂದ ಕಾಪಾಡಬೇಡವೇ?

ದೊಡ್ಡ ಖರ್ಚೇನೂ ಬೇಡ. ಸೂರಿನ ಮೇಲೆ ಬಿಳಿ ಸುಣ್ಣ, ಶೀಟಿನಡಿ ಬಿದಿರು ತಟ್ಟಿ, ಪಶ್ಚಿಮದ ಗೋಡೆಗೆ ನೆರಳು, ಬಿಸಿಗಾಳಿ ಹೊರಹೋಗಲು ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ, ಪಕ್ಕದ ಮನೆಯ ಕಡೆ ಮೂರಡಿ ಖಾಲಿ ಜಾಗ. ಆ ಮೂರಡಿಯಿಂದ ಬಾಡಿಗೆ ಬರುವುದಿಲ್ಲ, ನಿಜ. ಬರುವುದು ಇಬ್ಬರಿಗೂ ಗಾಳಿ.

ನಕ್ಷೆ ಬರೆಸುವ ದಿನ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಮೇಲಿನ ಕೋಣೆಯಲ್ಲಿ ನನ್ನ ಮಗುವನ್ನು ಮಲಗಿಸುವೆನೇ?