ತೂರಿದ ಮೇಲೆ ಅಳೆಯಿರಿ

ಸುಗ್ಗಿಯಲ್ಲಿ ಚಾಮರಾಜನಗರದಿಂದ ಪುಣಜನೂರಿಗೆ ಬರುವ ಹೆದ್ದಾರಿಯೇ ನಮಗೆ ಕಣ. ಹುರುಳಿ, ರಾಗಿಯನ್ನು ರಸ್ತೆಗೆ ಹರಡುತ್ತೇವೆ. ಬಸ್ಸು, ಲಾರಿ ತುಳಿದು ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ತಂಗಿಯ ಮಗ ಫೋನಿನಲ್ಲಿ ದುಬೈ ಕೆಲಸದ ಪತ್ರ ತೋರಿಸಿ, “ಮಾವ, ಹೋಗ್ಲಾ ಬ್ಯಾಡ್ವಾ?” ಅಂದಾಗ ನಾನು ಅವರ ಹುರುಳಿ ರಾಶಿಯ ಪಕ್ಕದಲ್ಲೇ ನಿಂತಿದ್ದೆ. ಉತ್ತರ ಅಲ್ಲೇ ಬಿದ್ದಿತ್ತು. ಹೆಕ್ಕಲು ಒಂದು ವಾರ ಹಿಡಿಯಿತು.

*

ಒಕ್ಕಿದ ರಾಶಿಯನ್ನು ಯಾವ ರೈತನೂ ಹಾಗೇ ಅಳೆಯುವುದಿಲ್ಲ. ತೂರುತ್ತಾನೆ, ಹೊಟ್ಟು ಹಾರಿಸುತ್ತಾನೆ, ಆಮೇಲೆ ಕೊಳಗ ಹಿಡಿಯುತ್ತಾನೆ. ಪರದೇಶದ ಸಂಬಳವನ್ನು ಮಾತ್ರ ಹೊಟ್ಟಿನ ಸಮೇತ ಅಳೆದು ಊರಿಗೆಲ್ಲ ಹೇಳಿಬಿಡುತ್ತೇವೆ.

*

ಪ್ಯಾಕೇಜು ಅಂದರೆ ಕಟ್ಟಿದ ಗಂಟು. ಬಿಚ್ಚುವ ಮೊದಲು ತೂಕ ಕೇಳಬೇಡಿ.

*

ದಿರ್ಹಮನ್ನು ರೂಪಾಯಿಗೆ ಗುಣಿಸಲು ಅರ್ಧ ನಿಮಿಷ ಸಾಕು. ಬಾಡಿಗೆ, ಊಟ, ಬಸ್ಸು, ಫೋನು ಒಂದೊಂದಾಗಿ ಕಳೆಯಲು ಒಂದು ರಾತ್ರಿ ಬೇಕು. ಬಹಳ ಜನ ಗುಣಾಕಾರ ಮುಗಿಸಿ ಎದ್ದುಬಿಡುತ್ತಾರೆ.

*

ದುಡಿಯುವುದು ದಿರ್ಹಮಿನಲ್ಲಿ, ಕನಸು ರೂಪಾಯಿಯಲ್ಲಿ, ಉಣ್ಣುವುದು ಮತ್ತೆ ದಿರ್ಹಮಿನಲ್ಲಿ.

*

ಒಂದು ಡಾಲರಿಗೆ 3.6725 ದಿರ್ಹಮು ಎಂದು 1997ರಲ್ಲಿ ಗೂಟ ಹೊಡೆದು ಕಟ್ಟಿದ್ದಾರೆ. ಆ ಗೂಟ ಅಲ್ಲಾಡಿಲ್ಲ, ಅಲ್ಲಾಡುವುದು ನಮ್ಮ ರೂಪಾಯಿ. ರೂಪಾಯಿ ಕುಸಿದ ದಿನ ಅಲ್ಲಿರುವವನಿಗೆ ಸಂಬಳ ಏರಿದ ಹಾಗೆ ಕಾಣುತ್ತದೆ. ಯಜಮಾನ ಒಂದು ಕಾಸೂ ಹೆಚ್ಚು ಕೊಟ್ಟಿರುವುದಿಲ್ಲ. ಏರಿದ್ದು ಊರಿನ ಅಂಗಡಿಯ ಅಡುಗೆ ಎಣ್ಣೆಯ ದರ.

*

ಪತ್ರದಲ್ಲಿ ಒಟ್ಟು ಮೊತ್ತ ದಪ್ಪ ಅಕ್ಷರದಲ್ಲಿ, ಮೂಲ ವೇತನ ಸಣ್ಣ ಅಕ್ಷರದಲ್ಲಿ. ಅಲ್ಲಿನ ಕಾನೂನಿನಂತೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೂಲ ವೇತನದ ಮೇಲೆ: ಮೊದಲ 5 ವರ್ಷ, ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. 5,000 ದಿರ್ಹಮಿನಲ್ಲಿ ಮೂಲ 2,000 ಮಾತ್ರವಾದರೆ, 5 ವರ್ಷ ದುಡಿದು ಹೊರಡುವಾಗ ಕೈಗೆ 7,000. ಮೂಲ 4,000 ಇದ್ದಿದ್ದರೆ 14,000. ಸಂಬಳ ಒಂದೇ, ಸಾಲು ಬೇರೆ.

*

ದಪ್ಪ ಅಕ್ಷರ ಬರೆಯುವವನು ಮಾರುವವನು. ಸಣ್ಣ ಅಕ್ಷರ ಬರೆಯುವವನು ವಕೀಲ. ಜಗಳ ಬಂದ ದಿನ ಮಾರಿದವನು ಎದುರಿಗೆ ಇರುವುದಿಲ್ಲ.

*

ಸಂಬಳ ಎಷ್ಟು ಅಂತ ತಂಗಿ ಕೇಳಲೇ ಇಲ್ಲ. “ಅಲ್ಲೂ ರಾಗಿಹಿಟ್ಟು ಅದಾ ಕೂಸೇ?” ಅಂದಳು. ನಾವೆಲ್ಲ ನಕ್ಕೆವು. ರಾತ್ರಿ ಮಲಗಿದಾಗ ಹೊಳೆಯಿತು: ಖರ್ಚಿನ ಪಟ್ಟಿಯ ಮೊದಲನೇ ಸಾಲು ಕೇಳಿದವಳು ಅವಳೊಬ್ಬಳೇ.

*

ಕತಾರಿನಲ್ಲಿ 2021ರ ಮಾರ್ಚಿನಿಂದ ಕನಿಷ್ಠ ವೇತನ 1,000 ರಿಯಾಲು. ಊಟ ಹಾಕದ ಯಜಮಾನ ಮೇಲೆ 300, ಸೂರು ಕೊಡದವನು 500 ಕೊಡಬೇಕು. ಅನ್ನಕ್ಕೂ ಸೂರಿಗೂ ಅಲ್ಲಿಯ ಸರ್ಕಾರವೇ ಬೆಲೆ ಕಟ್ಟಿರುವಾಗ, “ಒಂದು ಕೋಣೆಗೆ ಎಷ್ಟು ಜನ?” ಅಂತ ಕೇಳಲು ನಮಗೇಕೆ ನಾಚಿಕೆ?

*

ಕಡಿತವೆಲ್ಲ ಹೊಟ್ಟಲ್ಲ. ಜರ್ಮನಿಯಲ್ಲಿ ಸರಾಸರಿ ಸಂಬಳದ ಒಂಟಿ ನೌಕರನಿಗೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೈಗೆ ಬರುವ ಮೊದಲೇ ಹೋಗುತ್ತದೆ. ಅದರಲ್ಲಿ ಆಸ್ಪತ್ರೆ ಇದೆ, ಪಿಂಚಣಿ ಇದೆ, ಕೆಲಸ ಹೋದಾಗಿನ ಅನ್ನ ಇದೆ. ಬಿತ್ತನೆಗೆಂದು ತೆಗೆದಿಟ್ಟ ಕಾಳನ್ನು ನಷ್ಟದ ಲೆಕ್ಕಕ್ಕೆ ಬರೆಯಬಾರದು.

*

ತೆರಿಗೆಯಿಲ್ಲದ ದೇಶಕ್ಕೆ ಹೋಗುವವನು ತನ್ನ ಮುಪ್ಪಿಗೆ ತಾನೇ ತೆರಿಗೆ ಹಾಕಿಕೊಳ್ಳಬೇಕು.

*

ಬ್ರಿಟನ್ನಿಗೆ ಕೆಲಸಕ್ಕೆ ಹೋಗುವ ಅನೇಕರು ಆರೋಗ್ಯ ಶುಲ್ಕವೆಂದು ವರ್ಷಕ್ಕೆ 1,035 ಪೌಂಡು ಕಟ್ಟಬೇಕು, ಅಷ್ಟೂ ವರ್ಷದ್ದನ್ನು ವೀಸಾ ಅರ್ಜಿಯ ಜೊತೆಗೇ. 3 ವರ್ಷಕ್ಕೆ 3,105. ಇದನ್ನು ಕಂಪನಿ ಕಟ್ಟುತ್ತದೆಯೋ, ನಾವೋ? ಕೆಲವು ಪ್ರಶ್ನೆಗಳ ಬೆಲೆ ಒಂದು ಜೊತೆ ಎತ್ತಿಗಿಂತ ಹೆಚ್ಚು.

*

ತಮಿಳುನಾಡಿನ ಗಡಿ ದಾಟಿ ಹಾಸನೂರಿನ ಕಡೆ ಹೋದರೆ ಕಬ್ಬಿನ ಲಾರಿಗೆ ಆನೆ ಅಡ್ಡ ನಿಲ್ಲುತ್ತದೆ. ನಾಲ್ಕು ಜಲ್ಲೆ ಎಳೆದುಕೊಂಡು ದಾರಿ ಬಿಡುತ್ತದೆ. ಎಲ್ಲರ ಕಣ್ಣೆದುರು, ಒಂದೇ ಸಲ. ಆ ಮರ್ಯಾದೆ ಎಷ್ಟೋ ಏಜೆಂಟರಿಗಿಲ್ಲ.

*

1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟನು ಕೆಲಸಕ್ಕೆ ಹೋಗುವವನಿಂದ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನೋಂದಣಿ ನಿಜವೋ ಸುಳ್ಳೋ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ತೆರಕಣಾಂಬಿ ಸಂತೆಯಲ್ಲಿ ಬಾಯಿ ಬಿಡಿಸಿ ಎತ್ತಿನ ಹಲ್ಲು ಎಣಿಸುವ ನಾವು, ಮಗನನ್ನು ಒಪ್ಪಿಸುವಾಗ ಏಜೆಂಟನ ಮಾತನ್ನಷ್ಟೇ ಕೇಳುತ್ತೇವೆ.

*

ಹೋಗಲೆಂದು ಮಾಡಿದ ಸಾಲ ವಿಮಾನ ಹತ್ತುವುದಿಲ್ಲ. ಜಗುಲಿಯ ಮೇಲೆ ಕೂತಿರುತ್ತದೆ. ಮೂರು ರೂಪಾಯಿ ಬಡ್ಡಿಗೆ 3 ಲಕ್ಷ ತಂದರೆ ತಿಂಗಳಿಗೆ 9,000, ವರ್ಷಕ್ಕೆ 1,08,000. ಅಸಲು ಇದ್ದ ಹಾಗೇ. ವೀಸಾಕ್ಕೆ ಅವಧಿ ಉಂಟು, ಬಡ್ಡಿಗಿಲ್ಲ.

*

ಸಾಲ ಮಾಡಿ ಹೋದವನು ಕೆಲಸ ಬಿಡಲಾರ ಎಂಬುದು ಯಜಮಾನನಿಗೂ ಗೊತ್ತು. ಅವನ ಕೈಯಲ್ಲಿರುವ ಹಗ್ಗವನ್ನು ಹೊಸೆದವರು ನಾವೇ.

*

ಹತ್ತನೇ ತರಗತಿ ಪಾಸಾಗದವರು ಗೊತ್ತುಪಡಿಸಿದ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ವಲಸೆ ಅನುಮತಿ ಬೇಕು. “ಆ ತಾಪತ್ರಯ ಬೇಡ, ಪ್ರವಾಸಿ ವೀಸಾದಲ್ಲಿ ಕಳಿಸ್ತೀನಿ” ಅನ್ನುವವರಿದ್ದಾರೆ. ಆನೆ ಕಂದಕ ಸುತ್ತಿಕೊಂಡು ಹೊಲಕ್ಕೆ ಹೋಗುವುದು ನಮಗೂ ತಾಪತ್ರಯವೇ. ಹಾಗಂತ ಅದನ್ನು ಮುಚ್ಚಿದವನ ಹೊಲ ಬೆಳಿಗ್ಗೆ ಏನಾಗಿರುತ್ತದೆ ಎಂಬುದು ಕಾಡಂಚಿನ ಮಕ್ಕಳಿಗೂ ಗೊತ್ತು.

*

ಆ ಅನುಮತಿಯ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಸಿಗುತ್ತದೆ: 10 ಲಕ್ಷ ರೂಪಾಯಿಯದು, 2 ವರ್ಷಕ್ಕೆ ಕಂತು 275 ರೂಪಾಯಿ. ಬೀಳ್ಕೊಡುವ ದಿನ ಕೊರಳಿಗೆ ಹಾಕುವ ಹಾರ ಅದಕ್ಕಿಂತ ದುಬಾರಿ.

*

ಕಲಬುರಗಿ ಸೀಮೆಯ ಕೆಲವು ಯುವಕರು ಕಾವಲು ಕೆಲಸ, ಸಹಾಯಕನ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯ ಪಾಲಾದ ಸುದ್ದಿ 2024ರಲ್ಲಿ ಬಂತು. ಕೆಲಸದ ಹೆಸರು ಕೇಳಿದರೆ ಸಾಲದು. ಬೆಳಿಗ್ಗೆ ಎದ್ದು ಕೈಯಲ್ಲಿ ಏನು ಹಿಡಿಯಬೇಕು ಎಂದು ಕೇಳಿ.

*

1967ರ ಕಾಯ್ದೆಯಂತೆ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ನಮ್ಮದೇ ಅಲ್ಲದ ವಸ್ತುವನ್ನು ಯಜಮಾನನ ಬೀರುವಿನಲ್ಲಿ ಇಡಲು ನಾವು ಯಾರು?

*

ಪರದೇಶ ಎಲ್ಲಿಂದ ಶುರು? ಪುಣಜನೂರಿನಿಂದ ಕೊಂಚ ದೂರ ಹೋದರೆ ಬೋರ್ಡಿನ ಅಕ್ಷರ ತಮಿಳಾಗುತ್ತದೆ, ತಾಳವಾಡಿಯ ಮನೆಗಳ ಮಾತು ಕನ್ನಡವಾಗಿಯೇ ಇದೆ. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕೂತಲ್ಲೇ ರಾಜ್ಯ ಬದಲಾದವರು ನಮ್ಮ ನೆಂಟರು. ಗಡಿ ದಾಟಿದ ಮಾತ್ರಕ್ಕೆ ಮನುಷ್ಯ ಬದಲಾಗುವುದಿಲ್ಲ ಎಂಬುದು ನಮಗೆ ಹಳೆಯ ಸಂಗತಿ.

*

ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಹೆದರಿ ದೂರ ಉಳಿದ ಮುಖ್ಯಮಂತ್ರಿಗಳುಂಟು. ಇಲ್ಲಿಂದ ಕಾಲು ತೆಗೆದರೆ ಬಾಳು ಹಸನಾಗುತ್ತದೆ ಎಂಬುದೂ ಅಂಥದೇ ನಂಬಿಕೆ. ಊರಿಗೆ ಶಾಪವಿಲ್ಲ, ವಿಮಾನಕ್ಕೆ ವರವಿಲ್ಲ.

*

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಬಿಳಿಗಿರಿಯ ಬುಡದವರು ಹತ್ತಿ ನೋಡಿದ್ದೇವೆ: ನುಣ್ಣಗಿಲ್ಲ, ಆದರೆ ಮೇಲೆ ನೀರಿದೆ. ಗಾದೆ ಅರ್ಧವನ್ನೇ ಹೇಳುತ್ತದೆ.

*

ಮಳೆಗಾಲದಲ್ಲಿ ಗುಂಡ್ಲುಪೇಟೆಯ ಹೆದ್ದಾರಿ ಬದಿ ಚೆಂಡುಹೂವು ಅರಳಿದರೆ ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಳೆದವನಿಗೆ ಅದು ಕಿಲೋ ಲೆಕ್ಕ, ಬೆನ್ನುನೋವು. ಬುರ್ಜ್ ಖಲೀಫಾದ ಮುಂದೆ ನಿಂತ ಹುಡುಗನ ಫೋಟೊ ಊರಿಗೆ ಬಂದಾಗಲೂ ಹಾಗೇ. ಹೊಲ ಕಾಣುತ್ತದೆ, ಬೆನ್ನು ಕಾಣುವುದಿಲ್ಲ.

*

ಅದೇ ಚೆಂಡುಹೂವನ್ನು ಕಂಪನಿಗೆ ಒಪ್ಪಂದದ ಮೇಲೆ ಬೆಳೆಯುವವರಿದ್ದಾರೆ. ಬಿತ್ತುವ ಮೊದಲೇ ದರ ನಿಂತಿರುವುದರಿಂದ ನಿದ್ದೆ ಬರುತ್ತದೆ. ಪೇಟೆಯಲ್ಲಿ ದರ ಏರಿದ ರಾತ್ರಿ ನಿದ್ದೆ ಹಾರುತ್ತದೆ. ಒಪ್ಪಂದಕ್ಕೆ ಸಹಿ ಹಾಕುವುದು ಎಂದರೆ ಎರಡೂ ರಾತ್ರಿಗಳಿಗೆ ಸಹಿ ಹಾಕಿದಂತೆ.

*

ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ. ಹೋದ ಕಲ್ಲು ತಿರುಗಿ ಬಂದದ್ದಿಲ್ಲ, ಅದಕ್ಕೆ ಅಳುವವರೂ ಇಲ್ಲ. ಊರಲ್ಲಿ ಉಳಿಯುವುದು ನೀರು ನಿಂತ ಗುಂಡಿ.

*

ನಮ್ಮ ಸೀಮೆಯಿಂದ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೆ, ಕೊಡಗಿನ ಕಾಫಿ ತೋಟಕ್ಕೆ, ಕೇರಳದ ಕೂಲಿಗೆ ಹೋಗುವವರಿಗೆ ಪತ್ರವೇ ಇರುವುದಿಲ್ಲ. ಮೇಸ್ತ್ರಿಯ ಬಾಯಿಮಾತೇ ಪತ್ರ. ಓದಲು ಪತ್ರ ಸಿಕ್ಕವನು ಓದದೆ ಸಹಿ ಹಾಕಿದರೆ, ಅದು ಪತ್ರವಿಲ್ಲದೆ ಹೋದವರಿಗೆ ಮಾಡಿದ ಅವಮಾನ.

*

ಮಾದೇಶ್ವರನ ಕಥೆಯಲ್ಲಿ ನೀಲಯ್ಯ ಜೇನಿಗೆ ಹೊರಡುವ ಮುನ್ನ ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುತ್ತಾನೆ, ಅವಳು ಕೊಡುವುದಿಲ್ಲ. ಹೊರಡುವವನು ಉಳಿಯುವವಳನ್ನು ಮಾತಿನಲ್ಲಿ ಕಟ್ಟಿಹಾಕಲು ನೋಡುವುದು ಇಂದಿಗೂ ನಿಂತಿಲ್ಲ. ಕೆಲಸದ ಪತ್ರದಲ್ಲಿ ಸಹಿಗೆ ಒಂದೇ ಜಾಗ ಇರುತ್ತದೆ. ಹಟ್ಟಿಯಲ್ಲಿ ಕೂತು ಅದೇ ಒಪ್ಪಂದವನ್ನು ದಿನವೂ ಪಾಲಿಸುವವಳ ಹೆಸರು ಅದರಲ್ಲಿಲ್ಲ.

*

ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಹೊಸ ಚಪ್ಪಲಿ. ಕಾಡು ಸುತ್ತಿ ಹಳೆಯವು ಸವೆದಿರುತ್ತವೆ ಎಂದು ಭಕ್ತರ ನಂಬಿಕೆ. ಕೊಲ್ಲಿಯ ಎಷ್ಟೋ ಒಪ್ಪಂದಗಳೂ ಎರಡು ವರ್ಷದವು. ಮರಳಿ ಬಂದವನ ಉಳಿತಾಯವನ್ನು ಎಲ್ಲರೂ ಕೇಳುತ್ತಾರೆ, ಸವೆತವನ್ನು ಯಾರೂ ನೋಡುವುದಿಲ್ಲ.

*

ಜೇನು ಬಲ್ಲ ಸೋಲಿಗ ಎರಿಯನ್ನೆಲ್ಲ ಕೊಯ್ಯುವುದಿಲ್ಲ, ಹುಳಕ್ಕೆ ಒಂದಿಷ್ಟು ಬಿಡುತ್ತಾನೆ. ಸಂಬಳವನ್ನೆಲ್ಲ ಊರಿಗೆ ಕಳಿಸಿ ತಾವು ಖುಬ್ಬೂಸು ರೊಟ್ಟಿ, ಚಹಾದಲ್ಲಿ ದಿನ ತಳ್ಳುವ ಹುಡುಗರೇ, ಹುಳವೂ ಬದುಕಬೇಕು.

*

2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಎದ್ದಾಗ, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದರು. ಆಗ ಭಾರತ ನಡೆಸಿದ ತೆರವು ಕಾರ್ಯಾಚರಣೆಯ ಹೆಸರು ‘ಕಾವೇರಿ’. ಮರುಭೂಮಿಯಲ್ಲಿ ಊರಿನ ಹೊಳೆಯ ಹೆಸರು ಕೇಳಿದ ಆ ಕ್ಷಣದ ಬೆಲೆ ಯಾವ ಪ್ಯಾಕೇಜಿನಲ್ಲೂ ಇರುವುದಿಲ್ಲ.

*

ಎಲ್ಲರೂ ಬೆಟ್ಟ ಇಳಿಯುವ ಕಾಲದಲ್ಲಿ ವೈದ್ಯ ಎಚ್. ಸುದರ್ಶನ್ ಬಿಳಿಗಿರಿ ಬೆಟ್ಟ ಹತ್ತಿ ಬಂದರು, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಇದನ್ನು ಹೊರಟವನಿಗೆ ಬುದ್ಧಿಮಾತಾಗಿ ಹೇಳಬಾರದು. ರಸ್ತೆಗೆ ಎರಡು ದಿಕ್ಕಿದೆ ಎಂದಷ್ಟೇ ಹೇಳಬಹುದು.

*

ಊರಿನ 20,000 ರೂಪಾಯಿ ದುಡಿಮೆಗೆ ಬಾಡಿಗೆ ಇಲ್ಲ, ರಾಗಿ ಹೊಲದ್ದು, ಹಾಲು ಕೊಟ್ಟಿಗೆಯದು, ಜ್ವರ ಬಂದರೆ ಕಾಯಲು ಅವ್ವ. ಇದೂ ಪ್ಯಾಕೇಜೇ. ಯಾರೂ ಬರೆದುಕೊಟ್ಟಿಲ್ಲ.

*

ಮಳೆ ಕೈಕೊಟ್ಟ ವರ್ಷ, ಆನೆ ನುಗ್ಗಿದ ರಾತ್ರಿ, ಆ ಪ್ಯಾಕೇಜು ಸೊನ್ನೆ. ಊರು ಬಿಡುವವನನ್ನು ದೂರುವವರು ಒಂದು ರಾತ್ರಿ ಅಟ್ಟಣೆಯ ಮೇಲೆ ಕಾವಲು ಕೂತು ನೋಡಲಿ.

*

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹೋಗು ಎನ್ನುವವರ ಬಾಯಲ್ಲಿರುತ್ತದೆ. ನಿಜ, ಗಾಳಿ ಕಾಯುವುದಿಲ್ಲ. ಆದರೆ ಗಾದೆ ತೂರಲು ಹೇಳಿತೇ ಹೊರತು ಗಾಳಿಯ ಜೊತೆ ಹಾರಿಹೋಗಲು ಹೇಳಲಿಲ್ಲ. ಗಾಳಿಗೆ ಹಾರುವುದು ಹೊಟ್ಟು.

*

ಎಷ್ಟಾದರೆ ಸಾಕು ಎಂಬ ಅಂಕಿಯನ್ನು ಇಲ್ಲೇ ಗೋಡೆಯ ಮೇಲೆ ಬರೆದು ಹೋಗಿ. ಅಲ್ಲಿಗೆ ಹೋಗಿ ಬರೆದರೆ ಅದು ಬೆಳೆಯುತ್ತಲೇ ಇರುತ್ತದೆ.

*

ಕೇಳಬೇಕಾದದ್ದು ಮೂರೇ. ಕೈಯಲ್ಲಿ ಎಷ್ಟು ಉಳಿಯುತ್ತದೆ? ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ? ಬೇಡವೆನಿಸಿದ ದಿನ ಹೊರಡಲು ಯಾರ ಅಪ್ಪಣೆ ಬೇಕು? ಮೊದಲೆರಡಕ್ಕೆ ಉತ್ತರ ಚೆನ್ನಾಗಿದ್ದು ಮೂರನೆಯದಕ್ಕೆ ಮೌನವಿದ್ದರೆ, ಅದು ಕೆಲಸವಲ್ಲ, ಬೋನು.

*

ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ಕ್ಕೆ ಮುಚ್ಚುತ್ತದೆ, ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ದಿಂಬಂ ಘಾಟಿಯ 27 ತಿರುವುಗಳಿಗೂ 2022ರ ಫೆಬ್ರವರಿಯಿಂದ ರಾತ್ರಿ ನಿರ್ಬಂಧ. ಕಾಡಿನ ರಸ್ತೆಯೇ ಒಂದು ರಾತ್ರಿ ಕಾಯಿಸುತ್ತದೆ, ಲಾರಿಯ ಸರಕು ಹಾಳಾಗುವುದಿಲ್ಲ. “ಇವತ್ತೇ ಸಹಿ ಹಾಕಿ” ಎಂದು ಒತ್ತಾಯಿಸುವ ಕೆಲಸದಲ್ಲಿ ಬೆಳಗಾಗುವಷ್ಟರಲ್ಲಿ ಕೆಟ್ಟುಹೋಗುವಂಥದ್ದು ಏನೋ ಇದೆ.

*

ಹುಡುಗ ಮೂರೂ ಪ್ರಶ್ನೆಗಳನ್ನು ಬರೆದು ಕಂಪನಿಗೆ ಕಳಿಸಿದ್ದಾನೆ, ಮೂಲ ವೇತನ ಹೆಚ್ಚಿಸಲೂ ಕೇಳಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಅಷ್ಟರಲ್ಲಿ ಒಳ್ಳೆ ಗಾಳಿ ಬಂತು, ರಸ್ತೆ ಬದಿಯ ಹುರುಳಿ ತೂರಿದೆವು. ರಾಶಿ ನೋಡಿ ಇಪ್ಪತ್ತು ಮೂಟೆ ಅಂದುಕೊಂಡಿದ್ದೆವು. ಅಳೆದಾಗ ಹದಿನಾಲ್ಕು.