ಕಥಿ ಬ್ಯಾಡ, ನಂಬರ್ ಕೊಡ್ರಿ

ಬೆಂಗಳೂರಿನಲ್ಲಿ ನಮ್ಮೂರು ಮುಧೋಳ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ: "ಓಹ್, ಆ ನಾಯಿಗಳ ಊರಾ?" ಅಲ್ಲ ಸ್ವಾಮಿ, ಅದು ಬಾಗಲಕೋಟೆ ಜಿಲ್ಲೆಯ ಮುಧೋಳ. ನಮ್ಮದು ಸೇಡಂ ತಾಲ್ಲೂಕಿನದು. ತೆಲಂಗಾಣದ ಗಡಿ ಹತ್ತಿರದ, ತೊಗರಿ ಬೆಳೆಯುವ ಊರು.

ಹೋದ ತಿಂಗಳು ಆ ಊರಿನ ಒಬ್ಬ ಹುಡುಗಿಯ ಮೆಸೇಜ್ ಬಂತು. ಪಿಯುಸಿ ಸೈನ್ಸ್ ಓದ್ತಿದ್ದಾಳೆ, ಡಾಕ್ಟರ್ ಆಗುವ ಆಸೆ, ಮನೆಯಲ್ಲಿ ಕಾಲೇಜು ಕಂಡವರು ಯಾರೂ ಇಲ್ಲ. "ಅಣ್ಣಾ, ನೀಟ್ ಬಗ್ಗೆ ಏನರೆ ಹೇಳ್ರಿ" ಅಂದಿದ್ದಳು. ನಾನು ಎರಡು ಮೀಟಿಂಗ್‌ಗಳ ನಡುವೆ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರ ಬದುಕಿನ ಬಗ್ಗೆ ಇದ್ದ ಒಂದು ವಿಡಿಯೋ ಫಾರ್ವರ್ಡ್ ಮಾಡಿ, "ಆಲ್ ದ ಬೆಸ್ಟ್" ಅಂತ ಹಾಕಿ, ನನ್ನ ಕರ್ತವ್ಯ ಮುಗೀತು ಅಂದುಕೊಂಡೆ.

ರಾತ್ರಿ ಉತ್ತರ ಬಂತು. "ಭಾಳ ಛಲೋ ಅದ ಅಣ್ಣಾ. ಆದ್ರ ನನಗ ಕಥಿ ಬ್ಯಾಡ. ಫಿಸಿಕ್ಸ್ ತಿಳೀಲಿಲ್ಲಂದ್ರ ಯಾರಿಗಿ ಕೇಳಬೇಕು, ಅವರ ನಂಬರ್ ಕೊಡ್ರಿ."

ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲೇ ಕೂತಿದೆ. ಕಷ್ಟಪಟ್ಟು ಮೇಲೆ ಬಂದವರು ಹಿಂದೆ ಬರುವವರಿಗೆ ನಿಜವಾಗಿ ಕೊಡಬೇಕಾದ್ದು ಏನು?

ದೇಶಮಾನೆ ಅವರದು ನಮ್ಮ ಜಿಲ್ಲೆಯದೇ ಕತೆ. ಕಲಬುರಗಿಯ ಕೊಳೆಗೇರಿಯಲ್ಲಿ ಬೆಳೆದವರು. ಅಮ್ಮ ತರಕಾರಿ ಮಾರುತ್ತಿದ್ದರು, ಮಗಳೂ ಕೈಜೋಡಿಸುತ್ತಿದ್ದರು. ಹುಬ್ಬಳ್ಳಿಯ ಕೆಎಂಸಿಯಲ್ಲಿ ಎಂಬಿಬಿಎಸ್ ಸೀಟು ಸಿಕ್ಕಾಗ ಹಣ ಹೊಂದಿಸೋಕೆ ಅಮ್ಮ ತಮ್ಮ ತಾಳಿಯನ್ನೇ ಬಿಚ್ಚಿಕೊಟ್ಟರು. ಕನ್ನಡ ಮಾಧ್ಯಮದಲ್ಲಿ ಓದಿದ್ದ ಹುಡುಗಿ ಇಂಗ್ಲಿಷ್ ಪುಸ್ತಕಗಳ ಎದುರು ತಡವರಿಸಿ ಮೊದಲ ವರ್ಷ ಫೇಲ್ ಆದರು. ಆಮೇಲೆ ಎದ್ದು ನಿಂತು ಸರ್ಜನ್ ಆದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್ ತಜ್ಞೆಯಾಗಿ, ಪ್ರಾಧ್ಯಾಪಕಿಯಾಗಿ, ನಿರ್ದೇಶಕಿಯಾಗಿ ದುಡಿದರು. 2025ರಲ್ಲಿ ಪದ್ಮಶ್ರೀ ಬಂತು.

ಇದನ್ನ ಓದಿ ನಾವೆಲ್ಲ ಏನಂತೀವಿ? "ಛಲ ಇದ್ರೆ ಸಾಕು, ಏನು ಬೇಕಾದ್ರೂ ಸಾಧಿಸಬಹುದು." ಕೇಳೋಕೆ ಚೆನ್ನಾಗಿದೆ. ಆದರೆ ಈ ಸಾಲಿನೊಳಗೆ ಒಂದು ಸಣ್ಣ ಕ್ರೌರ್ಯ ಇದೆ. ಅದೇ ಗಲ್ಲಿಯಲ್ಲಿ, ಅಷ್ಟೇ ಛಲ ಇದ್ದೂ, ಬಿಚ್ಚಿಕೊಡೋಕೆ ತಾಳಿಯಲ್ಲಿ ಚಿನ್ನವೇ ಇಲ್ಲದ ಅಮ್ಮನ ಮಗಳು ಏನಾದಳು? ಅವಳ ಬಗ್ಗೆ ಯಾರೂ ವಿಡಿಯೋ ಮಾಡಲ್ಲ. ದೇಶಮಾನೆ ಅವರ ಕತೆಯಲ್ಲಿ ಛಲದ ಜೊತೆಗೆ ಇನ್ನೂ ಕೆಲವು ಸಂಗತಿಗಳಿವೆ: ಒಂದು ಸರ್ಕಾರಿ ಕಾಲೇಜು, ಮಗಳ ಓದಿಗೆ ಅಡ್ಡಬಾರದ ಅಪ್ಪ ಅಮ್ಮ, ಫೇಲಾದ ಮೇಲೆ ಸಿಕ್ಕ ಎರಡನೇ ಅವಕಾಶ. ಇವನ್ನೆಲ್ಲ ಕತೆಯಿಂದ ತೆಗೆದು ಬರೀ ಛಲವನ್ನ ಉಳಿಸಿಕೊಂಡರೆ ನಮಗೆ ಆರಾಮ. ಸೋತವರದು ಅವರದೇ ತಪ್ಪು ಅಂದುಬಿಡಬಹುದಲ್ಲ.

ಇದಕ್ಕೊಂದು ವಾದ ಇದೆ, ಅದು ಪೂರ್ತಿ ಸುಳ್ಳೂ ಅಲ್ಲ. ಬಡತನ ಕಂಡ ಡಾಕ್ಟರ್‌ಗೆ ಬಡ ರೋಗಿ ಅರ್ಥ ಆಗ್ತಾರೆ. ದಿನಗೂಲಿ ತಪ್ಪುತ್ತೆ ಅಂತ ಚಿಕಿತ್ಸೆಯನ್ನ ಅರ್ಧಕ್ಕೇ ಬಿಟ್ಟು ಹೋಗುವ ಹೆಂಗಸನ್ನ ಬೈಯುವ ಮೊದಲು ಅವರು ಒಂದು ಕ್ಷಣ ಯೋಚಿಸ್ತಾರೆ. ನಿಜ. ಆದರೆ ಅದೇ ಕಷ್ಟ ಇನ್ನೊಬ್ಬರನ್ನ ಕಲ್ಲು ಮಾಡಿರೋದನ್ನೂ ನೋಡಿದ್ದೀವಿ. "ನಾವೂ ನಿದ್ದೆಗೆಟ್ಟೇ ಕಲಿತಿದ್ದು, ನೀನೂ ಕಲಿ" ಅನ್ನೋ ಸೀನಿಯರ್ ಕೂಡ ಕಷ್ಟದಿಂದಲೇ ಬಂದವನು. ಕಷ್ಟ ತಾನಾಗಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡಲ್ಲ. ಕಷ್ಟದ ನೆನಪನ್ನ ಇಟ್ಟುಕೊಂಡು ಏನು ಮಾಡ್ತೀವಿ ಅನ್ನೋದು ನಮ್ಮ ಆಯ್ಕೆ.

ನಮ್ಮ ಕಡೆ ಬಾಗಿಲುಗಳೇ ಇಲ್ಲ ಅಂತಲ್ಲ. ಸಂವಿಧಾನದ 371ಜೆ ಇದೆ, ಕಲಬುರಗಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ನೀಟ್ ಪರೀಕ್ಷೆಯನ್ನ ಕನ್ನಡದಲ್ಲೂ ಬರೀಬಹುದು. ಆದರೆ 371ಜೆ ಸರ್ಟಿಫಿಕೇಟ್ ಎಲ್ಲಿ ಮಾಡಿಸಬೇಕು, ಆಪ್ಷನ್ ಎಂಟ್ರಿಯಲ್ಲಿ ಯಾವ ಕಾಲೇಜು ಮೊದಲು ಹಾಕಬೇಕು, ಯಾವ ದಿನ ತಪ್ಪಿದರೆ ಒಂದು ವರ್ಷವೇ ಹೋಗುತ್ತೆ, ಇದನ್ನ ಡಾಕ್ಟರ್ ಮಗನಿಗೆ ಊಟದ ಟೇಬಲ್‌ನಲ್ಲೇ ಯಾರಾದರೂ ಹೇಳ್ತಾರೆ. ಮುಧೋಳದ ಹುಡುಗಿಗೆ ಯಾರು ಹೇಳ್ತಾರೆ? ಸೀಟು ಸಿಕ್ಕ ಮೇಲೂ ದೇಶಮಾನೆ ಅವರಿಗೆ ಎದುರಾದ ಅದೇ ಇಂಗ್ಲಿಷ್ ಪುಸ್ತಕ ಅವಳಿಗೂ ಕಾದಿದೆ.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ "ಹಳ್ಳಿಯಿಂದ ಬಂದು ಸ್ವಂತ ಶ್ರಮದಿಂದ ಓದಿದೆ" ಅಂತೀನಿ. ಅಷ್ಟು ಹೇಳುವಾಗ ಒಬ್ಬ ಮೇಷ್ಟ್ರನ್ನ ಬಿಟ್ಟುಬಿಡ್ತೀನಿ. ನನ್ನ ಸಿಇಟಿ ಅರ್ಜಿ ತುಂಬಿದ್ದು ಅವರು. ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲಿಗೆ ಹತ್ತಿಸಿ, ಕೈಗೆ ಇನ್ನೂರು ರೂಪಾಯಿ ತುರುಕಿದ್ದೂ ಅವರೇ. ಅವರನ್ನ ಸೇರಿಸಿದರೆ ನನ್ನ ಕತೆ ಸ್ವಲ್ಪ ಚಿಕ್ಕದಾಗುತ್ತೆ. ಅದಕ್ಕೇ ಬಿಟ್ಟಿದ್ದೆ ಅನ್ಸುತ್ತೆ. ಆ ಇನ್ನೂರು ರೂಪಾಯಿ ವಾಪಸ್ ಕೊಡೋಕೆ ಹೋದಾಗ ಅವರು ತಗೊಳ್ಳಲಿಲ್ಲ. "ಇನ್ಯಾರಿಗರೆ ಕೊಡು" ಅಂದ್ರು. ನಾನು ಅದನ್ನ ಮಾತಿಗೆ ಹೇಳಿದ್ದು ಅಂದುಕೊಂಡಿದ್ದೆ.

ಮರುದಿನ ಚಿಂಚೋಳಿಯ ಒಬ್ಬ ಪರಿಚಿತನಿಗೆ ಫೋನ್ ಮಾಡಿದೆ. ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದಾನೆ. ಭಾನುವಾರ ಅರ್ಧ ಗಂಟೆ ಕೊಡ್ತೀಯಾ ಅಂದೆ, ಒಪ್ಪಿದ. ಮೊದಲ ಕರೆಯಲ್ಲಿ ಅವನು ತನ್ನ ರ‍್ಯಾಂಕ್ ಹೇಳಲಿಲ್ಲವಂತೆ. ತನಗೆ ಮೊದಲ ಸಲ ನೀಟ್‌ನಲ್ಲಿ ಸೀಟು ಯಾಕೆ ಸಿಗಲಿಲ್ಲ, ಯಾವ ಪಾಠಗಳನ್ನ ಬಿಟ್ಟು ಕೆಟ್ಟೆ ಅಂತ ಪಟ್ಟಿ ಮಾಡಿ ಹೇಳಿದನಂತೆ. ಸರ್ಟಿಫಿಕೇಟ್, ದಿನಾಂಕ, ಅರ್ಜಿಗಳ ಲೆಕ್ಕ ನನ್ನ ಪಾಲಿಗೆ ಬಿತ್ತು. ಕ್ಯಾಲೆಂಡರ್‌ನಲ್ಲಿ ಸ್ಪ್ರಿಂಟ್ ರಿವ್ಯೂ ಪಕ್ಕದಲ್ಲೇ ಅದೂ ಇದೆ.

ಅವಳಿಗೆ ಸೀಟು ಸಿಗುತ್ತಾ ಗೊತ್ತಿಲ್ಲ. ಸಿಗದೇ ಇದ್ದರೂ ಅವಳಲ್ಲಿ ಛಲ ಕಡಿಮೆ ಇತ್ತು ಅಂತ ನಾನಂತೂ ಹೇಳಲ್ಲ. ಸಿಕ್ಕರೆ, ಅವಳ ಅಮ್ಮನ ಕೊರಳಲ್ಲಿ ತಾಳಿ ಹಾಗೇ ಇರಲಿ. ಕೇಳುವವರಿಗೆ ಅವಳ ಕತೆ ಸ್ವಲ್ಪ ಸಪ್ಪೆ ಅನ್ನಿಸಬಹುದು, ಅನ್ನಿಸಲಿ ಬಿಡಿ.

ಈಗಷ್ಟೇ ಮೆಸೇಜ್ ಬಂತು: "ಅಣ್ಣಾ, ಕೆಮಿಸ್ಟ್ರಿಗಿ ಯಾರರೆ ಅದಾರೇನ್ರಿ?"